ಕುರಿಗೆ ಸ್ನಾನ, ಕುರುಬನಿಗೆ ರೇಷ್ಮೆ

ಪ್ರಶ್ನೆ: ಹೋದ ಭಾನುವಾರ ಪುಣೆಯ ಜುನಾ ಬಜಾರಿನಲ್ಲಿ ಬಂಗಾರದ ಬಣ್ಣದ ಚೌಕಟ್ಟಿನ ಹಳೇ ಚಿತ್ರವೊಂದನ್ನು 600 ರೂಪಾಯಿಗೆ ಕೊಂಡೆ. ಮರದ ಕೆಳಗೆ ಕುರಿ ಕಾಯುವ ಹುಡುಗ ಹುಡುಗಿಗೆ ದ್ರಾಕ್ಷಿ ತಿನ್ನಿಸುತ್ತಿದ್ದಾನೆ. ಇಬ್ಬರಿಗೂ ರೇಷ್ಮೆ ಬಟ್ಟೆ, ಕುರಿಗಳು ಈಗಷ್ಟೇ ಸ್ನಾನ ಮಾಡಿ ಬಂದ ಹಾಗಿವೆ. ಕೆಳಗೆ ಬೂಷೆ ಅಂತ ಹೆಸರಿದೆ. ಅಥಣಿ ಕಡೆ ಇಪ್ಪತ್ತು ವರ್ಷ ಕುರಿ ಕಾದ ನಮ್ಮ ಮಾವನವರು ಇದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಇವರು ಎಲ್ಲಿಯ ಕುರುಬರು? ಚಿತ್ರ ಬೆಲೆ ಬಾಳುತ್ತದೆಯಾ?
– ಓದುಗರೊಬ್ಬರು, ಚಿಂಚವಡ

ಉತ್ತರ: ಎಲ್ಲಿಯ ಕುರುಬರೂ ಅಲ್ಲ, ನಾಟಕದವರು! ಫ್ರಾನ್ಸಿನ ಚಿತ್ರಕಾರ ಫ್ರಾನ್ಸ್ವಾ ಬೂಷೆ (1703–1770) ಈ ದ್ರಾಕ್ಷಿ ಜೋಡಿಯನ್ನು ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದಾನೆ. 1749ರದ್ದು ಲಂಡನ್ನಿನ ವಾಲೇಸ್ ಕಲೆಕ್ಷನ್ ಮ್ಯೂಸಿಯಂನಲ್ಲಿದೆ. ಜೋಡಿ ಅವನಿಗೆ ಸಿಕ್ಕಿದ್ದು ಹೊಲದಲ್ಲಲ್ಲ, 1745ರಲ್ಲಿ ಪ್ಯಾರಿಸ್ಸಿನಲ್ಲಿ ಆಡಿದ ಫವಾರ್ ಎಂಬ ನಾಟಕಕಾರನ ಮೂಕನಾಟಕದಲ್ಲಿ. ಅದಕ್ಕೇ ಕಾಲಿಗೆ ಕೆಸರಿಲ್ಲ, ಹೆಗಲಿಗೆ ಕಂಬಳಿ ಇಲ್ಲ, ಹಿಂದಿನ ಮರಗಳೂ ರಂಗದ ಪರದೆ ಇಳಿಬಿಟ್ಟ ಹಾಗೆ ಮೆತ್ತಗೆ ನೀಲಿ-ಹಸಿರು.

ಪುಣೆಯವರು ಚಳಿಗಾಲದಲ್ಲಿ ಹುರ್ಡಾ ಪಾರ್ಟಿಗೆ ಹೋಗ್ತಾರಲ್ಲ (ಸೀತನಿ ಅಂದರೆ ನಿಮ್ಮ ಮಾವನವರಿಗೆ ತಕ್ಷಣ ಗೊತ್ತಾಗುತ್ತದೆ), ಹೆಚ್ಚುಕಡಿಮೆ ಅದೇ ಇದು. ಹೊಲದಲ್ಲಿ ಕೂತು ಎಳೇ ಜೋಳ ಸುಟ್ಟು ತಿಂದು, ಎತ್ತಿನ ಗಾಡಿಯಲ್ಲಿ ಒಂದು ಸುತ್ತು ಹೊಡೆದು, ಬಾಡಿಗೆ ಪಟಗಾ ಸುತ್ತಿಕೊಂಡು ಫೋಟೋ ತೆಗೆಸಿಕೊಂಡು ರಾತ್ರಿ ಊಟಕ್ಕೆ ವಾಪಸ್ ಫ್ಲ್ಯಾಟಿಗೆ. ನಾನೂ ಹೋಗಿದ್ದೇನೆ, ಸುಮ್ನೆ ಬೈಯುತ್ತಿಲ್ಲ. ಆದರೆ ಜೋಳ ಬಿತ್ತಿದವನ ಸಾಲ ಆ ಫೋಟೋದಲ್ಲಿ ಬರುವುದಿಲ್ಲ, ಅಲ್ವಾ? ಬೂಷೆಯ ಗಿರಾಕಿಗಳೂ ಅರಮನೆ, ಬಂಗಲೆಯವರೇ. 15ನೇ ಲೂಯಿಯ ಪ್ರೇಯಸಿ ಮದಾಂ ದ ಪಾಂಪದೂರ್ ಅವನನ್ನು ಬಹಳ ಮೆಚ್ಚಿದವಳು. ಮುಂದೆ 1783ರಲ್ಲಿ ರಾಣಿ ಮೇರಿ ಆಂಟೊನೆಟ್ ವರ್ಸೈಲ್ಸ್‌ನಲ್ಲಿ ತನಗೆಂದೇ ಒಂದು ಪುಟ್ಟ ಹಳ್ಳಿ ಕಟ್ಟಿಸಲು ಶುರುಮಾಡಿದಳು, ಚಿತ್ರದೊಳಗೇ ಹೋಗಿ ಕೂರುವಂತೆ! ಆರು ವರ್ಷಕ್ಕೆ ಕ್ರಾಂತಿ ಬಂತು.

ನಿಮ್ಮ ಮಾವನವರ ನಗು ಹೊಸದಲ್ಲ. ದಿದೆರೋ ಎಂಬ ಲೇಖಕ 1761ರಲ್ಲೇ ಬೂಷೆಯ ಬಗ್ಗೆ, ಇವನ ಹತ್ತಿರ ಎಲ್ಲಾ ಇದೆ, ಸತ್ಯ ಒಂದು ಇಲ್ಲ ಅಂತ ಬರೆದಿದ್ದ. ಮಾತು ಸರಿ, ಆದರೂ ಆ ರೇಷ್ಮೆಯ ಮಡಿಕೆಯ ಮೇಲೆ ಬೆಳಕು ಜಾರುವುದನ್ನು ನೋಡಿ, ಕೈಚಳಕ ಸುಳ್ಳಲ್ಲ. ಹೊಲ ನೋಡಬೇಕೆಂದರೆ ಇವನ ಹತ್ತಿರ ಹೋಗಬೇಡಿ, ಬಟ್ಟೆ ನೋಡಬೇಕೆಂದರೆ ಹೋಗಿ.

ಬೆಲೆ? ಭೂತಗನ್ನಡಿ ಹಿಡಿದು ನೋಡಿ. ಸಾಲಾಗಿ ಸಣ್ಣ ಸಣ್ಣ ಬಣ್ಣದ ಚುಕ್ಕಿ ಕಂಡರೆ ಅದು ಅಚ್ಚಿನದು, ಆಗ 600ರಲ್ಲಿ ಜಾಸ್ತಿ ಪಾಲು ಚೌಕಟ್ಟಿನದೇ. ಮಧ್ಯಾಹ್ನದ ಬಿಸಿಲು ಬೀಳುವ ಗೋಡೆಗೆ ಮಾತ್ರ ಹಾಕಬೇಡಿ. ಇಂಥ ಅಚ್ಚುಗಳಲ್ಲಿ ಕೆಂಪು, ಹಳದಿ ಮೊದಲು ಮಾಸುತ್ತವೆ, ಆಮೇಲೆ ಹುಡುಗಿ, ದ್ರಾಕ್ಷಿ, ಕುರಿ ಎಲ್ಲಾ ನೀಲಿ.