ಮುಂಜಾನೆ ಕಮ್ಮಿ, ಮಧ್ಯಾಹ್ನ ಹೆಚ್ಚು: ಎಣ್ಣೆ ತುಂಬುವ ಮಷೀನಿನ ತಕರಾರು

ಪ್ರಶ್ನೆ: ಅಣ್ಣಾರ, ನಮಸ್ಕಾರ. ಆಳಂದದಾಗ ಸ್ವಸಹಾಯ ಸಂಘದ ಹೆಣ್ಮಕ್ಕಳು ಕೂಡಿ ಕುಸುಬಿ ಎಣ್ಣೆ ಗಾಣ ನಡೆಸ್ತೀವಿ. ಅರ್ಧ ಲೀಟರ್ ಬಾಟ್ಲಿ ತುಂಬಲಿಕ್ಕೆ ಎರಡು ನಾಝಲ್ ಇರೋ ಮಷೀನ್ ತಂದೀವಿ. ಮ್ಯಾಲೆ ಟಾಕಿ, ಕೆಳಗ ವಾಲ್ವ್. ಟೈಮರ್ ಇಟ್ಟಷ್ಟು ಸೆಕೆಂಡ್ ವಾಲ್ವ್ ತೆರದಿರ್ತದ. ಮುಂಜಾನೆ ಕಮ್ಮಿ ತುಂಬ್ತದ, ಮಧ್ಯಾಹ್ನ ಹೆಚ್ಚಾಗ್ತದ. ಮಷೀನ್ ಮುಂದ ಕುಂತ ಹುಡುಗಿಗೆ ದಿನಾ ಟೈಮರ್ ತಿರುವೂದೇ ಕೆಲಸ ಆಗ್ಯದ. ಲೇಬಲ್ ಮ್ಯಾಲೆ 500 ಮಿ.ಲೀ., 455 ಗ್ರಾಂ ಅಂತ ಹಾಕೀವಿ. ಹರಿಯೋ ಎಣ್ಣಿ ಎಷ್ಟು ಅಂತ ಅಳಿಯೋ ಫ್ಲೋ ಮೀಟರ್ ಇರೋ ಹೊಸಾದು ತಗೊಳ್ರಿ ಅಂತಾರ ಮಾರೋರು. ತಗೋಬೇಕೇನ್ರಿ?
– ಓದುಗ ಅಕ್ಕ, ಆಳಂದ

ಉತ್ತರ: ಈಗೇ ತಗೋಬ್ಯಾಡ್ರಿ, ಅಕ್ಕಾರ. ಮೊದಲು ಇರೋ ಮಷೀನಿನ ರೋಗ ಯಾವುದು ಅಂತ ಗುರುತಿಸೋಣ.

ನಿಮ್ಮ ಟೈಮರಿಗೆ ಗೊತ್ತಿರುವುದು ಸೆಕೆಂಡು ಮಾತ್ರ. ಅಷ್ಟು ಸೆಕೆಂಡಿನಲ್ಲಿ ಎಷ್ಟು ಎಣ್ಣೆ ಇಳಿಯಿತು ಎಂಬುದು ಎಣ್ಣೆಯ ಮಂದ, ಟಾಕಿಯ ಮಟ್ಟ ಎರಡನ್ನೂ ಅವಲಂಬಿಸಿದೆ. ಅಡುಗೆ ಎಣ್ಣೆ 20 ಡಿಗ್ರಿಯಲ್ಲಿ ಇರುವಷ್ಟು ಮಂದ 40 ಡಿಗ್ರಿಯಲ್ಲಿ ಇರುವುದಿಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ನಮ್ಮ ಕಡೆ ಚಳಿಗಾಲದ ಮುಂಜಾನೆಗೂ ಅದೇ ದಿನದ ಮಧ್ಯಾಹ್ನಕ್ಕೂ ಎಷ್ಟು ಅಂತರ ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಸಿಲೇರಿದಂತೆ ಎಣ್ಣೆ ತೆಳ್ಳಗಾಗಿ ಸರಸರ ಇಳಿಯುತ್ತದೆ, ಬಾಟ್ಲಿ ಹೆಚ್ಚು ತುಂಬುತ್ತದೆ. ಗೇರ್ ಪಂಪಿನಿಂದ ತುಂಬುವವರಿಗೆ ಇದು ಉಲ್ಟಾ: ತೆಳು ಎಣ್ಣೆ ಹಲ್ಲುಗಳ ಸಂದಿಯಿಂದ ಹಿಂದಕ್ಕೆ ಸೋರಿ ಮಧ್ಯಾಹ್ನ ಕಮ್ಮಿ ಬರುತ್ತದೆ. ಟಾಕಿ ಖಾಲಿಯಾಗುತ್ತ ಬಂದಂತೆ ಒತ್ತಡ ಇಳಿದು ಹರಿವೂ ನಿಧಾನವಾಗುತ್ತದೆ. ಅದಕ್ಕೆ ಟಾಕಿಯಲ್ಲಿ ಒಂದು ಫ್ಲೋಟ್ ವಾಲ್ವ್ ಹಾಕಿಸಿ, ಮಟ್ಟ ಸದಾ ಒಂದೇ ಇರಲಿ. ಖರ್ಚು ಸಣ್ಣದು, ಗುಣ ದೊಡ್ಡದು.

ಇನ್ನು ಆ ಹುಡುಗಿಯ ಕೈ. ದಯವಿಟ್ಟು ಪ್ರತಿ ಬಾಟ್ಲಿಗೂ ಟೈಮರ್ ಮುಟ್ಟುವುದನ್ನು ಇವತ್ತೇ ನಿಲ್ಲಿಸಿ. ಯಾವ ಮಷೀನಿಗೂ ಅದರದೇ ಆದ ಸಣ್ಣ ಏರಿಳಿತ ಇದ್ದೇ ಇರುತ್ತದೆ. ಒಂದು ಕಮ್ಮಿ ಬಂತೆಂದು ಏರಿಸುತ್ತೀರಿ; ಮುಂದಿನದು ತಾನಾಗಿ ಹೆಚ್ಚು ಬರುವುದಿತ್ತು, ಈಗ ಇನ್ನೂ ಹೆಚ್ಚಾಯಿತು; ಗಾಬರಿಯಾಗಿ ಇಳಿಸುತ್ತೀರಿ. ಹೀಗೆ ಏರಿಳಿತವನ್ನು ಕೈಯಾರೆ ಬೆಳೆಸಿದಂತಾಯಿತು. ಬದಲಿಗೆ ಗಂಟೆಗೊಮ್ಮೆ ಹತ್ತು ಬಾಟ್ಲಿ ಕಾಟಾದ ಮೇಲಿಡಿ. ಖಾಲಿ ಬಾಟ್ಲಿಯ ತೂಕ ಮೊದಲೇ ಕಳೆಯಿರಿ, ತೂಗುವಾಗ ಫ್ಯಾನ್ ಬಂದ್ ಮಾಡಿ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡೂ ನಾಝಲ್‌ಗೆ ಬೇರೆ ಬೇರೆ ಪುಟ ಇರಲಿ.

448, 449, 447, 449 ಬಂದರೆ ಮಷೀನ್ ಗಟ್ಟಿಯಾಗಿದೆ. ಟೈಮರ್ ಒಮ್ಮೆ ಏರಿಸಿದರೆ ಸಾಕು. 446, 463, 451, 460 ಬಂದರೆ ಸರಾಸರಿ ಸರಿಯಾಗಿ 455 ಇದೆ, ಆದರೂ ಮಷೀನಿಗೆ ರೋಗವಿದೆ. ಟೈಮರ್ ಎಷ್ಟು ತಿರುವಿದರೂ ಅದು ವಾಸಿಯಾಗದು; ಪಾನಾ ಹಿಡಿದು ಬಿಚ್ಚಬೇಕು.

ಬಿಚ್ಚಿದರೆ ಏನು ಸಿಗುತ್ತದೆ? ಗಾಣದ ಎಣ್ಣೆಯಾದರೆ ಬಹುತೇಕ ಮಡ್ಡಿ. ಕಪನೂರು ಕೈಗಾರಿಕಾ ಪ್ರದೇಶದ ಒಂದು ಎಣ್ಣೆ ಘಟಕದಲ್ಲಿ ಇಂಥದೇ ವಾಲ್ವ್ ಬಿಚ್ಚಿದೆ. ರಬ್ಬರ್ ಸೀಟಿನ ಅಂಚಿಗೆ ಕಂದು ಬಣ್ಣದ ಜಿಗುಟು ಪೊರೆ ಕಟ್ಟಿತ್ತು, ಅದರೊಳಗೆ ಕುಸುಬಿ ಸಿಪ್ಪೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಚೂರು ಅಡ್ಡ ಬಂದಾಗ ವಾಲ್ವ್ ಪೂರ್ತಿ ಮುಚ್ಚದೆ ಎಣ್ಣೆ ನೂಲಿನಂತೆ ಇಳಿಯುತ್ತಲೇ ಇತ್ತು, ಸರಿದಾಗ ಸರಿಯಾಗಿ ಮುಚ್ಚುತ್ತಿತ್ತು. ಸೀಟು ಒರೆಸಿ, ಟಾಕಿಗೆ ಹೋಗುವ ದಾರಿಯಲ್ಲಿ ಸಣ್ಣ ಕಣ್ಣಿನ ಜಾಲರಿ ಹಾಕಿದ ಮೇಲೆ ತೂಕ ಒಂದು ಹದಕ್ಕೆ ಬಂತು. ನೀವೂ ಎಣ್ಣೆಯನ್ನು ಚೆನ್ನಾಗಿ ತಿಳಿಯಾಗಲು ಬಿಟ್ಟು, ಸೋಸಿಯೇ ಟಾಕಿಗೆ ಏರಿಸಿ.

ಕಾನೂನು ಇಷ್ಟು: 2011ರ ಪೊಟ್ಟಣ ಸರಕುಗಳ ನಿಯಮದಂತೆ 500 ಮಿ.ಲೀ. ಬಾಟ್ಲಿಯಲ್ಲಿ ಶೇ 3, ಅಂದರೆ 15 ಮಿ.ಲೀ. ವ್ಯತ್ಯಾಸಕ್ಕೆ ಅವಕಾಶವಿದೆ. ಆದರೆ ಸರಾಸರಿ ಲೇಬಲ್‌ಗಿಂತ ಕೆಳಗಿಳಿಯುವಂತಿಲ್ಲ. ಅಳತೆಯ ಜೊತೆ ತೂಕವನ್ನೂ, ಉಷ್ಣಾಂಶ ನಮೂದಿಸದೆ ಹಾಕಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ಎಣ್ಣೆ ಪ್ಯಾಕ್ ಮಾಡುವವರಿಗೆ ಹೇಳಿತು. ಕಾರಣವಿದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಅಷ್ಟೇ. ಈ ಲೆಕ್ಕದಲ್ಲಿ 20 ಡಿಗ್ರಿ ಏರಿದರೆ ನಿಮ್ಮ ಅರ್ಧ ಲೀಟರಿನಲ್ಲಿ ಸುಮಾರು 7 ಗ್ರಾಂ ವ್ಯತ್ಯಾಸ. ಮಿ.ಲೀ. ಲೆಕ್ಕದಲ್ಲಿ ಕರಾರುವಾಕ್ಕಾಗಿ ತುಂಬುವ ದುಬಾರಿ ಮಷೀನಿಗೂ ಇದು ತಪ್ಪದು.

ಹಾಗಾಗಿ ಮುಂದೆ ಕೈಯಲ್ಲಿ ದುಡ್ಡು ಕೂಡಿದಾಗ ಲೋಡ್ ಸೆಲ್ ಇರುವ, ತೂಕ ನೋಡಿ ತುಂಬುವ ಮಷೀನ್ ತಗೊಳ್ಳಿ. ಮೊದಲು ಜೋರಾಗಿ, ಕೊನೆಯ 20–30 ಗ್ರಾಂ ಸಣ್ಣ ಧಾರೆಯಲ್ಲಿ ಬಿಡುವ ಎರಡು ಹಂತದ ವಾಲ್ವ್ ಇದೆಯೇ ಎಂದು ಕೇಳಿ. ಮ್ಯಾಗ್ನೆಟಿಕ್ ಫ್ಲೋ ಮೀಟರ್ ತೋರಿಸಿದರೆ ಖಂಡಿತ ಬೇಡವೆನ್ನಿ. ಅದು ವಿದ್ಯುತ್ ಹರಿಯಬಲ್ಲ ದ್ರವವನ್ನು ಮಾತ್ರ ಅಳೆಯುತ್ತದೆ. ಎಣ್ಣೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಪ್ರಶ್ನೆ: ಸರ್, ನಮ್ಮ ಲ್ಯಾಬಿನಲ್ಲಿ ದ್ರವ ಹೀರಿ ಅಳತೆಯಷ್ಟೇ ಹಾಕುವ ಆಟೊಮ್ಯಾಟಿಕ್ ಪಿಪೆಟ್ ಮಷೀನ್ ಇದೆ. ನೀರಿನಲ್ಲಿ ಸರಿಯಾಗಿ 20 ಮೈಕ್ರೋಲೀಟರ್ ಹಾಕುತ್ತದೆ, ಸೀರಂ (ರಕ್ತದ ತಿಳಿ ದ್ರವ) ಆದರೆ ಕಮ್ಮಿ ಬೀಳುತ್ತದೆ. ಯಾಕೆ?
– ಲ್ಯಾಬ್ ಟೆಕ್ನಿಶಿಯನ್, ಬೀದರ್

ಉತ್ತರ: ಅದರ ಪಿಸ್ಟನ್ನಿಗೂ ದ್ರವಕ್ಕೂ ನಡುವೆ ಗಾಳಿ ಇದೆ. ಪಿಸ್ಟನ್ ಎಳೆದಾಗ ಆ ಗಾಳಿ ಹಿಗ್ಗುತ್ತದೆ, ಮಂದ ದ್ರವ ತಡವಾಗಿ ಏರುತ್ತದೆ. ದ್ರವ ಹೀರುವ ತುದಿ, ಅಂದರೆ ಟಿಪ್, ಅಷ್ಟರಲ್ಲೇ ಮೇಲೆದ್ದರೆ ಕಮ್ಮಿಯೇ ಬರುತ್ತದೆ. ಹೊರಬಿಡುವಾಗಲೂ ಒಳಗೋಡೆಗೆ ಒಂದು ತೆಳು ಪದರ ಅಂಟಿ ಉಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ಸೀರಂಗೆ ಬೇರೆ ಸೆಟ್ಟಿಂಗ್ ಮಾಡಿ: ನಿಧಾನ ಎಳೆತ, ಎಳೆದ ಮೇಲೆ ತುಸು ಕಾಯುವಿಕೆ, ನಿಧಾನ ಬಿಡುಗಡೆ. ಟಿಪ್ಪನ್ನು ಒಂದೆರಡು ಸಲ ಸೀರಂನಿಂದಲೇ ಒದ್ದೆ ಮಾಡಿ ಶುರು ಮಾಡಿ. ಹೆಚ್ಚು ಎಳೆದು, ಬೇಕಾದಷ್ಟೇ ಬಿಡುವ ರಿವರ್ಸ್ ವಿಧಾನ ಇದ್ದರೆ ಸೀರಂಗೆ ಅದೇ ಒಳ್ಳೆಯದು. ನೀರಿನಲ್ಲಿ ಪರೀಕ್ಷಿಸುವಾಗ 20 ಮೈಕ್ರೋಲೀಟರ್ ಸುಮಾರು 20 ಮಿಲಿಗ್ರಾಂ ತೂಗಬೇಕು. ಬೇಸಿಗೆಯ ಒಣ ಗಾಳಿಗೆ ಅಷ್ಟು ಸಣ್ಣ ಹನಿ ನೋಡುನೋಡುತ್ತಲೇ ಆರುತ್ತದೆ, ಆದ್ದರಿಂದ ಮುಚ್ಚಳವಿರುವ ಪಾತ್ರೆಯಲ್ಲೇ ತೂಗಿ.