ಮೂಳೆ ಓದೋ ಕೆಲಸ: ಒಂಬತ್ತನೇ ಕ್ಲಾಸಿನ ಹುಡುಗಿಗೆ ಎಲ್ಲಿಂದ ಶುರು ಮಾಡ್ಸೋದು?

ಪ್ರಶ್ನೆ: ಮೇಡಂ, ನಾವು ತೀರ್ಥಹಳ್ಳಿ ಹತ್ರದವರು. ಮಗಳು ಒಂಬತ್ತನೇ ಕ್ಲಾಸು, ಟಿವಿ ನೋಡಿ ನೋಡಿ ಈಗ ಮೂಳೆ ನೋಡಿ ಯಾರು ಅಂತ ಹೇಳೋ ಕೆಲಸಾನೇ ಮಾಡ್ತೀನಿ ಅಂತ ಕೂತಿದಾಳೆ. ದೀಪ ಹಚ್ಚೋ ಹೊತ್ತಲ್ಲಿ ಹೆಣದ ಮಾತಾ ಅಂತ ನಮ್ಮತ್ತೆ ಬೈತಾರೆ. ಈ ವಯಸ್ಸಿಗೆ ಇದೆಲ್ಲ ಹೇಳ್ಕೊಡಬಹುದಾ?

ಉತ್ತರ: ಧಾರಾಳವಾಗಿ ಹೇಳ್ಕೊಡಿ. ಹೆಣದ ಫೋಟೋ ಗೀಟೋ ಏನೂ ಬೇಡ, ಮನೇಲಿ ಕೋಳಿಸಾರು ಮಾಡ್ತೀರಾದ್ರೆ ಅಲ್ಲಿಂದಾನೇ ಶುರು ಮಾಡಿ. ಬ್ರಾಯ್ಲರ್ ಕಾಲಿನ ತುದಿ ಕರಕರ ಅಂತ ಹಲ್ಲಿಗೆ ಸಿಗತ್ತಲ್ಲ, ಅದಿನ್ನೂ ಮೂಳೆ ಆಗಿಲ್ಲ, ಪಾಠದಲ್ಲಿ ಮೃದ್ವಸ್ಥಿ ಅಂತಾರೆ, ಯಾಕಂದ್ರೆ ಅದು ಆರೇಳು ವಾರದ ಮರಿ ಅಷ್ಟೆ. ವರ್ಷ ದಾಟಿದ ನಾಟಿ ಕೋಳಿದು ತುದಿವರೆಗೂ ಗಟ್ಟಿ. ಎರಡನ್ನೂ ತೊಳೆದು ಪಕ್ಕಪಕ್ಕ ಇಡಿ, ಯಾವುದು ಎಳೇದು ಅಂತ ಅವಳೇ ಹೇಳ್ತಾಳೆ. ಮನುಷ್ಯರ ವಯಸ್ಸು ಹೇಳೋದೂ ಬಹಳಷ್ಟು ಹೀಗೇ. ಹುಟ್ಟಿದಾಗ ಹತ್ರಹತ್ರ 300 ತುಂಡು ಇರೋದು ಕೂಡ್ಕೊಳ್ತಾ ಕೂಡ್ಕೊಳ್ತಾ 206 ಆಗತ್ತೆ, ಕಾಲರ್ ಬೋನಿನ ಎದೆ ಕಡೆ ತುದಿ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿ ಮೂವತ್ತರ ಹತ್ರ ಬಂದಾಗ ಕೂಡೋದು.

ಇಷ್ಟು ಗೊತ್ತಾದ ಮೇಲೆ ಟಿವಿಲಿ ತೋರಿಸೋದು ಎಷ್ಟು ಸುಳ್ಳು ಅಂತ ಅವಳಿಗೇ ಕಾಣತ್ತೆ. ಅಲ್ಲಿ ಒಂದೇ ನಿಮಿಷಕ್ಕೆ ವಯಸ್ಸು 32 ಅಂತಾರೆ, ನಾವು 25ರಿಂದ 35ರ ಒಳಗೆ ಅಂತ ಬರೀತೀವಿ. ತೊಡೆ ಮೂಳೆ ಅಳೆದು ಎತ್ತರ ಹೇಳೋಕೆ ಸೂತ್ರ ಇದೆ, ಆದ್ರೆ ಅಮೆರಿಕದವರ ಸೂತ್ರ ನಮ್ಮವರಿಗೆ ಹಾಕಿದ್ರೆ ತಪ್ಪಾಗತ್ತೆ. ಸತ್ತು ಎಷ್ಟು ಕಾಲ ಆಯ್ತು ಅನ್ನೋದಂತೂ ಮಲೆನಾಡಲ್ಲಿ ತುಂಬಾ ಕಷ್ಟ, ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಹುಳಿ ಅಂಶ ಜಾಸ್ತಿ, ಆಗುಂಬೆ ಕಡೆ ಮಳೆ ಬೇರೆ, ಮೂಳೆನ ತಿಂದ್ಹಾಕತ್ತೆ. ಇದಕ್ಕೆಲ್ಲ ಮೊದಲು ಇದು ಮನುಷ್ಯರದೇನಾ ಅಂತ ನೋಡ್ಬೇಕು. ಕರಡಿ ಪಾದ ಚರ್ಮ ಉಗುರು ಹೋದ್ಮೇಲೆ ಮನುಷ್ಯರ ಕೈ ತರಾನೇ ಕಾಣತ್ತೆ.

ಹಾಗಂತ ಕಾಡಲ್ಲಿ ಸಿಕ್ಕಿದ ಮೂಳೆ ಮನೆಗೆ ತರೋಕೆ ಬಿಡಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ. ಮನುಷ್ಯರದು ಅಂತ ಡೌಟ್ ಬಂದ್ರೆ ಮುಟ್ಟದೆ 112ಕ್ಕೆ ಫೋನ್ ಮಾಡಿ.

ಓದೋಕೆ ಅಂದ್ರೆ ಪಿಯುಸಿ ಸೈನ್ಸಲ್ಲಿ ಬಯಾಲಜಿ ಇರ್ಲಿ. ನಮ್ಮಲ್ಲಿ ಮೂಳೆ ಕೇಸು ಹೆಚ್ಚಾಗಿ ಪೋಸ್ಟ್‌ಮಾರ್ಟಂ ಮಾಡೋ ಫೊರೆನ್ಸಿಕ್ ಮೆಡಿಸಿನ್ ಡಾಕ್ಟರ ಹತ್ರಾನೇ ಹೋಗೋದು, ಹಾಗಾಗಿ ಎಂಬಿಬಿಎಸ್ ಒಂದು ದಾರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದೋದು ಇನ್ನೊಂದು.

ಅತ್ತೆಯವರಿಗೆ ಅರ್ಜೆಂಟೀನಾ ಕತೆ ಹೇಳಿ. ಅಲ್ಲಿ ಮಿಲಿಟರಿ ಆಡಳಿತದಲ್ಲಿ ಸಾವಿರಾರು ಜನ ಕಾಣೆಯಾದ್ರು, 1984ರಲ್ಲಿ ಕ್ಲೈಡ್ ಸ್ನೋ ಅನ್ನೋ ಅಮೆರಿಕದ ಮೂಳೆ ತಜ್ಞರು ಹೋಗಿ ಕಾಲೇಜು ಹುಡುಗ್ರಿಗೆ ಕಲಿಸಿದ್ರು, ಆ ಹುಡುಗ್ರೇ ಹೆಸರಿಲ್ಲದ ಗುಂಡಿ ಅಗೆದು ಒಬ್ಬೊಬ್ಬರನ್ನೇ ಗುರುತು ಹಿಡಿದು ಮನೆಯವರಿಗೆ ಒಪ್ಪಿಸಿದ್ರು. ಹೋದೋರು ಇದ್ದಾರೋ ಇಲ್ವೋ ಗೊತ್ತಿಲ್ಲದ ಮನೇಲಿ ತಿಥಿ ಯಾವತ್ತು ಮಾಡೋದು? ಆ ನೋವು ನಿಮ್ಮತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿರತ್ತೆ. ಅವರ ಮೊಣಕಾಲಿನ ಹಳೇ ಎಕ್ಸ್‌ರೇ ಇದ್ರೆ ಕೇಳಿ ಇಸ್ಕೊಳ್ಳಿ, ಮಗಳದು ಚಿಕ್ಕವಳಿದ್ದಾಗ ತೆಗೆಸಿದ್ದು ಇದ್ರೆ ಅದನ್ನೂ ಕಿಟಕಿ ಬೆಳಕಿಗೆ ಹಿಡೀರಿ. ಮಗಳ ಮೂಳೆ ತುದೀಲಿ ಕಪ್ಪು ಗೆರೆ ಕಾಣತ್ತೆ, ಅಜ್ಜಿದರಲ್ಲಿ ಅದು ಇರಲ್ಲ. ಯಾಕೆ ಅಂತ ಮಗಳೇ ಅಜ್ಜಿಗೆ ಹೇಳ್ಲಿ.