ರನ್ನಿಂಗ್ ಬೋರ್ಡಿಗೆ ತುಕ್ಕು: ಮನೆಯಲ್ಲೇ ಸರಿ ಮಾಡಬಹುದೇ?

ಪ್ರಶ್ನೆ: ಅಣ್ಣಾ, ನಮ್ಮದು 1997ರ ಮಾರುತಿ 800. ಅಪ್ಪ ಕೊಂಡ ಕಾರು. ಇಂಜಿನ್ ಚೆನ್ನಾಗಿದೆ. ಮನೆ ಕಾಪು ಬೀಚಿನ ಹತ್ತಿರ. ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್ ಎರಡೂ ಬದಿ ತುಕ್ಕು ಹಿಡಿದು ಪೇಂಟ್ ಗುಳ್ಳೆ ಎದ್ದಿದೆ. ಎಡಬದಿಯಲ್ಲಿ ಬೆರಳು ತೂರುವಷ್ಟು ತೂತು. ಒಬ್ಬ ಟಿಂಕರ್ ಪುಟ್ಟಿ ಹಾಕಿ ಪೇಂಟ್ ಹೊಡೆದು ಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಗುಜರಿಗೆ ಹಾಕಿ ಎನ್ನುತ್ತಾರೆ. ನನ್ನ ಹತ್ತಿರ ಗ್ರೈಂಡರ್, ಡ್ರಿಲ್, ಗೇಟ್ ಕೆಲಸಕ್ಕೆ ತಂದ ಆರ್ಕ್ ವೆಲ್ಡಿಂಗ್ ಮಿಷನ್ ಇದೆ. ಮನೆಯಲ್ಲೇ ಮಾಡಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಗುಜರಿಗೆ ಹಾಕಬೇಡಿ. ಪುಟ್ಟಿಯನ್ನೂ ಹಾಕಿಸಬೇಡಿ. ಕೆಲಸದ ಹೆಚ್ಚಿನ ಪಾಲು ನೀವೇ ಮನೆಯಲ್ಲಿ ಮಾಡಬಹುದು. ವೆಲ್ಡಿಂಗ್ ಒಂದನ್ನು ಮಾತ್ರ ಗೊತ್ತಿರುವವರ ಕೈಗೆ ಕೊಡಿ. ಉಡುಪಿಯಲ್ಲಿ ಟಿಂಕರಿಂಗ್ ಶೆಡ್ ನಡೆಸುವ ನನ್ನ ಬಳಿ ಇಂಥ ಕಾರುಗಳು ಜಾಸ್ತಿ ಬರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಪುಟ್ಟಿ ಯಾಕೆ ಬೇಡ ಅಂತ ಹೇಳುತ್ತೇನೆ. ಜೀಪು, ಲಾರಿಗಳಿಗೆ ಅಡಿಯಲ್ಲಿ ಬೇರೆಯೇ ಚಾಸಿಸ್ ಇರುತ್ತದೆ. ಮಾರುತಿ 800ಕ್ಕೆ ಅದಿಲ್ಲ. ಬಾಡಿಯೇ ಚಾಸಿಸ್. ಬಾಗಿಲಿನ ಜಾಗದಲ್ಲಿ ಮುಂದಿನ ಕಂಬವನ್ನೂ ಹಿಂದಿನ ಕಂಬವನ್ನೂ ಕೆಳಗಿನಿಂದ ಹಿಡಿದಿರುವುದು ಈ ರನ್ನಿಂಗ್ ಬೋರ್ಡ್. ಅದು ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ, ಅಂದರೆ ಅಲ್ಲಲ್ಲಿ ಚುಕ್ಕೆಯಂತೆ ಬೆಸೆದ, ಟೊಳ್ಳು ಪೆಟ್ಟಿಗೆ. ಅದು ಕೊಳೆತರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಜಾಕ್ ಇಟ್ಟ ಕಡೆ ಕುಸಿಯುತ್ತದೆ, ಬದಿಯಿಂದ ಯಾರಾದರೂ ಬಂದು ಗುದ್ದಿದರೆ ಒಳಗೆ ಕೂತವರಿಗೆ ಅಡ್ಡ ಏನೂ ಇರುವುದಿಲ್ಲ. ಪುಟ್ಟಿಗೆ ಈ ಬಲ ಎಲ್ಲಿಂದ ಬರಬೇಕು? ಅದು ಮೇಲ್ಮೈ ಸಮ ಮಾಡಲಿಕ್ಕೆ ಮಾತ್ರ ಇರುವ ವಸ್ತು. ಸಾಲದ್ದಕ್ಕೆ ನೀರು ಹೀರಿ ಹಿಡಿದುಕೊಳ್ಳುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಮತ್ತೆ ಏಳುತ್ತದೆ, ಅಡಿಯ ತೂತು ದೊಡ್ಡದಾಗಿರುತ್ತದೆ.

ತುಕ್ಕು ಶುರುವಾಗುವುದು ಒಳಗಿನಿಂದ. ನಿಮಗೆ ಹೊರಗೆ ಕಾಣುವ ಗುಳ್ಳೆ ಅದರ ಕೊನೆಯ ಹಂತ. ಪೆಟ್ಟಿಗೆಯ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ನಮ್ಮ ಕೆಂಪು ಮಣ್ಣು ಅವನ್ನು ಮುಚ್ಚುತ್ತದೆ. ಎಷ್ಟೋ ಸಲ ಅಂಡರ್‌ಬಾಡಿ ಕೋಟಿಂಗ್ ಹೊಡೆಯುವವರೇ ನೋಡದೆ ಮುಚ್ಚಿಬಿಡುತ್ತಾರೆ. ಒಳಗೆ ಹೋದ ನೀರು ಅಲ್ಲೇ ನಿಲ್ಲುತ್ತದೆ. ಮೇಲಿಂದ ಕಡಲ ಗಾಳಿಯ ಉಪ್ಪು. ಹೆದ್ದಾರಿ 66ರಲ್ಲಿ ಮೀನಿನ ಲಾರಿ ಹಿಂದೆ ಹೋಗಿದ್ದೀರಲ್ವಾ? ಅದರಿಂದ ಸೋರುವ ನೀರೂ ಉಪ್ಪೇ, ಟಯರ್ ಎರಚಿ ಸೀದಾ ಅಡಿಗೆ ಬಡಿಯುತ್ತದೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿಯೇ ಅದನ್ನು ಹೀರಿ ಒದ್ದೆಯಾಗುತ್ತದೆ. ಹಾಗಾಗಿ ಕಾರು ಶೆಡ್ಡಿನಲ್ಲೇ ಇದ್ದರೂ, ಮಳೆ ತಾಗದಿದ್ದರೂ ತುಕ್ಕು ನಿಲ್ಲುವುದಿಲ್ಲ.

ಈಗ ಕೆಲಸಕ್ಕೆ ಬರುವ. ಒಂದು ಹಳೆ ಸ್ಕ್ರೂಡ್ರೈವರ್ ತೆಗೆದುಕೊಂಡು ರನ್ನಿಂಗ್ ಬೋರ್ಡ್ ಉದ್ದಕ್ಕೂ, ತಳದ ಅಂಚು, ಎರಡೂ ತುದಿ, ನೆಲದ ತಗಡು ಸೇರುವ ಜಾಗ, ಎಲ್ಲ ಕಡೆ ಜೋರಾಗಿ ಕುಟ್ಟಿ ನೋಡಿ. ಮರುಕ ಬೇಡ. ತೂತಾಗುವ ಜಾಗ ಹೇಗೂ ತೂತೇ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ, ಅಂಟದ ಕಡೆ ಹಿಂದೆ ಯಾರೋ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಕಾರ್ಪೆಟ್ ಎತ್ತಿ ಒಳಗಿನ ತಗಡನ್ನೂ ನೋಡಿ. ಸೀಟ್ ಬೆಲ್ಟ್ ಬೋಲ್ಟ್ ಕೂರುವ ಜಾಗ ಅಥವಾ ಸಸ್ಪೆನ್ಷನ್ ಹಿಡಿದಿರುವ ಜಾಗ ಮೆತ್ತಗಾಗಿದ್ದರೆ ಮನೆ ಕೆಲಸ ಅಲ್ಲಿಗೆ ನಿಲ್ಲಿಸಿ, ಗಾಡಿಯನ್ನು ಒಳ್ಳೆಯ ಟಿಂಕರ್ ಶೆಡ್ಡಿಗೆ ಕೊಂಡುಹೋಗಿ. ಹೊರಗಿನ ತಗಡು ಮಾತ್ರ ಹೋಗಿದ್ದರೆ ಮುಂದುವರಿಯಿರಿ.

ಕಾರನ್ನು ಸಿಮೆಂಟ್ ನೆಲದ ಮೇಲೆ ಸಮವಾಗಿ ನಿಲ್ಲಿಸಿ. ಆದಷ್ಟು ಅದರ ಚಕ್ರದ ಮೇಲೆಯೇ ನಿಂತಿರಲಿ. ಎತ್ತಲೇಬೇಕಾದರೆ ಜಾಕ್ ಸ್ಟ್ಯಾಂಡನ್ನು ಸಸ್ಪೆನ್ಷನ್ ಮತ್ತು ಹಿಂದಿನ ಆಕ್ಸಲ್ ಅಡಿಗೆ ಕೊಡಿ, ಕೊಳೆತ ರನ್ನಿಂಗ್ ಬೋರ್ಡಿಗೆ ಅಲ್ಲ. ಮಾರಾಯ್ರೇ, ದಯವಿಟ್ಟು ಕೆಂಪು ಕಲ್ಲಿನ ಮೇಲೆ ಕಾರು ನಿಲ್ಲಿಸಿ ಅಡಿಗೆ ಹೋಗಬೇಡಿ. ನಮ್ಮ ಕಡೆ ಸುಲಭಕ್ಕೆ ಸಿಗುವುದು ಅದೇ, ಗೊತ್ತು. ಆದರೆ ಆ ಕಲ್ಲು ಭಾರಕ್ಕೆ ಒಮ್ಮೆಲೇ ಒಡೆದುಹೋಗುತ್ತದೆ. ಕಾರಿನಡಿ ಇರುವವರಿಗೆ ಹೊರಬರಲು ಸಮಯ ಸಿಗುವುದಿಲ್ಲ.

ಬ್ಯಾಟರಿ ಕಳಚಿ ಬದಿಗಿಡಿ. ಸೀಟು, ಕಾರ್ಪೆಟ್ ಎಲ್ಲ ತೆಗೆಯಿರಿ. ಹಿಂದಿನ ಲೈಟಿಗೆ ಹೋಗುವ ವಯರುಗಳು ಸಾಮಾನ್ಯವಾಗಿ ಕಾರ್ಪೆಟ್ ಅಡಿ ಇದೇ ಬದಿಯಲ್ಲಿ ಹೋಗುತ್ತವೆ, ಅವನ್ನು ಸರಿಸಿ ಕಟ್ಟಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿವೆ ನೋಡಿಕೊಳ್ಳಿ. ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿಸಿ ದೂರ ಇಡುವುದೇ ಒಳ್ಳೆಯದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ನಿಮ್ಮ ಕಿಡಿ ಹಾರುವುದೂ ಅಲ್ಲೇ.

ಕೊಯ್ಯುವ ಮೊದಲು ಬಾಗಿಲ ಸುತ್ತಲಿನ ಸಂದು ಅಳೆದು ಬರೆದಿಡಿ. ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪೊಂದನ್ನು ಟ್ಯಾಕ್ ಮಾಡಿಸಿ, ಅಂದರೆ ಆಮೇಲೆ ಬಿಡಿಸುವ ಹಾಗೆ ಸ್ವಲ್ಪವೇ ವೆಲ್ಡ್ ಹಾಕಿಸಿ. ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಕೊಯ್ದರೆ ಬಾಡಿ ಬಗ್ಗುತ್ತದೆ. ಮತ್ತೆ ಬಾಗಿಲು ಹಾಕಲಿಕ್ಕೇ ಆಗುವುದಿಲ್ಲ.

1 ಮಿ.ಮೀ. ಕಟಿಂಗ್ ವೀಲ್ ಹಾಕಿ ತುಕ್ಕು ಹಿಡಿದ ಭಾಗವನ್ನು ಬೆಳ್ಳಿಯಂತೆ ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕೊಯ್ಯಿರಿ. ಅರ್ಧ ಕೊಳೆತ ತಗಡಿಗೆ ಹೊಸದನ್ನು ಸೇರಿಸಿದರೆ ವೆಲ್ಡ್ ಹಿಡಿಯುವುದಿಲ್ಲ. ಕನ್ನಡಕ, ಮಾಸ್ಕ್, ಕೈಗವಸು ಇಲ್ಲದೆ ಗ್ರೈಂಡರ್ ಆನ್ ಮಾಡಬೇಡಿ. ಹೊರಗಿನ ತಗಡು ತೆಗೆದಾಗ ಒಳಗೆ ಪದರ ಪದರ ತುಕ್ಕು, ಮಣ್ಣು ಬರುತ್ತದೆ. ಅದನ್ನೆಲ್ಲ ತಂತಿ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ತೆಳುವಾಗಿ ಅಂಟಿಕೊಂಡ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಮಾಡುವ ದ್ರಾವಣ) ಹಚ್ಚಬಹುದು. ಉದುರುವ ತುಕ್ಕಿಗೆ ಅದು ಪ್ರಯೋಜನವಿಲ್ಲ.

ಹೊಸ ತಗಡಿಗೆ ಮೊದಲು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ತಯಾರು ಪ್ಯಾನಲ್ ಕೇಳಿ. ಸಿಗದಿದ್ದರೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ತಂದು, ತಗಡು ಬಗ್ಗಿಸುವ ಮಿಷನ್ ಇರುವಲ್ಲಿ ಹಳೆಯ ತುಂಡು ತೋರಿಸಿ ಮಾಡಿಸಿ. ಜಿಐ ಶೀಟ್ ಬೇಡ, ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಅಂಚಿನಲ್ಲಿ ಮೊದಲು ಸ್ಪಾಟ್ ಇದ್ದಷ್ಟೇ ಅಂತರದಲ್ಲಿ 6ರಿಂದ 8 ಮಿ.ಮೀ. ತೂತು ಕೊರೆಯಿರಿ. ಆ ತೂತುಗಳನ್ನೇ ವೆಲ್ಡ್ ತುಂಬಿ ಹಿಂದಿನ ತಗಡಿಗೆ ಬೆಸೆಯುವುದು. ಒಳಮೈಗೆ ವೆಲ್ಡ್ ಮಾಡಬಹುದಾದ ಸತುವಿನ ಪ್ರೈಮರ್ ಹೊಡೆದು, ಕ್ಲಾಂಪ್ ಹಾಕಿ ಕೂರಿಸಿ, ಬಾಗಿಲು ಮುಚ್ಚಿ ಸಂದು ಮತ್ತೆ ಅಳೆಯಿರಿ. ಈ ಹೊಂದಿಸುವ ಕೆಲಸಕ್ಕೆ ಎಷ್ಟು ಹೊತ್ತು ಹೋದರೂ ಹೋಗಲಿ. ಇದು ಸರಿಯಾದರೆ ಮುಂದಿನದೆಲ್ಲ ಸಲೀಸು.

ಇನ್ನು ವೆಲ್ಡಿಂಗ್. ನಿಮ್ಮ ಗೇಟಿನ ಆರ್ಕ್ ಮಿಷನ್ ಇದಕ್ಕೆ ಆಗುವುದಿಲ್ಲ. ಇಷ್ಟು ತೆಳು ತಗಡನ್ನು ಅದು ಸುಟ್ಟು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗ್‌ನ ಶಾಖ ದೂರದವರೆಗೆ ಹರಡಿ ತಗಡು ಸೊಟ್ಟಗಾಗುತ್ತದೆ. ಬೇಕಾದ್ದು ಸಿಒ2 ವೆಲ್ಡಿಂಗ್ (ತೆಳು ವಯರು ಕರಗಿಸಿ, ಸುತ್ತ ಗ್ಯಾಸ್ ಹಾಯಿಸುತ್ತ ಬೆಸೆಯುವುದು), 0.8 ಮಿ.ಮೀ. ಅಥವಾ ಅದಕ್ಕಿಂತ ತೆಳು ವಯರು. ಮಿಷನ್ ಸಮೇತ ಮನೆಗೆ ಬರುವವರು ಸಿಗುತ್ತಾರೆ, ಎಲ್ಲ ಸಿದ್ಧಮಾಡಿಟ್ಟು ಕರೆಯಿರಿ. ಬೆಳಿಗ್ಗೆಯೇ ಬರಲು ಹೇಳಿ. ಮಧ್ಯಾಹ್ನದ ಮೇಲೆ ಕಾಪುವಿನಲ್ಲಿ ಕಡಲ ಗಾಳಿ ಬೀಸಲು ಶುರುವಾದರೆ ವೆಲ್ಡಿಗೆ ಹೊದಿಕೆಯಾಗಬೇಕಾದ ಗ್ಯಾಸ್ ಹಾರಿಹೋಗಿ ಬೆಸುಗೆ ತೂತು ತೂತಾಗುತ್ತದೆ. ಒಂದೇ ಕಡೆ ಉದ್ದಕ್ಕೆ ಎಳೆಯಲು ಬಿಡಬೇಡಿ. ಇಲ್ಲೊಂದು, ಅಲ್ಲೊಂದು ಹಾಕುತ್ತ ತಣಿಯಲು ಬಿಡಬೇಕು. ನೀವು ಒಳಗಡೆ ಒದ್ದೆ ಗೋಣಿ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕಾವಲಿರಿ. ನೆಲಕ್ಕೆ ಅಂಟಿಸಿದ ಡಾಂಬರಿನ ಶೀಟ್ ಸದ್ದಿಲ್ಲದೆ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.

ಆಮೇಲೆ ವೆಲ್ಡ್ ಉಜ್ಜಿ, ಎಪಾಕ್ಸಿ ಪ್ರೈಮರ್, ಸಂದಿಗಳಿಗೆ ಸೀಲರ್, ಬೇಕೆಂದರೆ ತೆಳು ಪುಟ್ಟಿ, ಪೇಂಟ್, ಅಡಿಗೆ ಅಂಡರ್‌ಬಾಡಿ ಕೋಟಿಂಗ್. ಇಷ್ಟಕ್ಕೆ ಹೆಚ್ಚಿನವರು ನಿಲ್ಲಿಸುತ್ತಾರೆ. ಮುಖ್ಯ ಕೆಲಸ ಆಗಬೇಕಾದ್ದೇ ಈಗ. ಉದ್ದ ಪೈಪಿನ ನಾಸಿಲ್ ಇರುವ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹೊಡೆಯುವ ಮೇಣ) ತಂದು ಪೆಟ್ಟಿಗೆಯ ಒಳಗೆ ಎಲ್ಲ ಕಡೆ ಹೊಡೆಯಿರಿ. ವೆಲ್ಡ್ ಮಾಡಿದ ಜಾಗದಲ್ಲಿ ಒಳಗಿನ ಪ್ರೈಮರ್ ಸುಟ್ಟಿರುತ್ತದೆ, ಆ ಜಾಗವನ್ನು ತುಕ್ಕಿನಿಂದ ಉಳಿಸುವುದು ಈ ವ್ಯಾಕ್ಸ್ ಮಾತ್ರ. ಕೊನೆಗೆ ತಳದ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ಒಳಗೆ ಫೋಮ್ ತುಂಬಿಸುವವರಿದ್ದಾರೆ, ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇದಕ್ಕೆಲ್ಲ ನಮ್ಮಲ್ಲಿ ಒಳ್ಳೆಯ ಕಾಲ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಾಗಿನಿಂದ (ನವೆಂಬರ್ ಹೊತ್ತಿಗೆ) ಪತ್ತನಾಜೆಯವರೆಗೆ (ಮೇ ಕೊನೆಯವರೆಗೆ). ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಶುರು ಮಾಡಿದರೆ ಉಜ್ಜಿ ಬಿಟ್ಟ ತಗಡು ಮರುದಿನವೇ ಕೆಂಪಾಗಿರುತ್ತದೆ. ಇನ್ನೊಂದು ಮಾತು: ಆರ್‌ಸಿ 15 ವರ್ಷದ ನಂತರ 5 ವರ್ಷಕ್ಕೊಮ್ಮೆ ರಿನ್ಯೂ ಆಗುವುದರಿಂದ, ಸಮಯಕ್ಕೆ ಮಾಡಿಸಿದ್ದರೆ ನಿಮ್ಮ ಗಾಡಿಗೆ 2027ರಲ್ಲಿ ಮತ್ತೆ ತಪಾಸಣೆ ಇದೆ. ಅದಕ್ಕೆ ಮುಂಚೆಯೇ ಎರಡೂ ಬದಿ ಮುಗಿಸಿಕೊಳ್ಳಿ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಕಾರಿನಡಿಗೆ ಹಳೆ ಇಂಜಿನ್ ಆಯಿಲ್ ಹೊಡೆಸುವುದು ಒಳ್ಳೆಯದೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಬೇಡ. ಹಿಂದೆ ಎಲ್ಲರೂ ಮಾಡುತ್ತಿದ್ದರು. ಆಯಿಲ್ ತಾಗಿದ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಬ್ರೇಕಿಗೆ ತಾಗಿದರೆ ಅಪಾಯ. ಮೊದಲ ಮಳೆಗೆ ಅರ್ಧ ತೊಳೆದುಹೋಗಿ ಅಂಗಳಕ್ಕೆ ಇಳಿಯುತ್ತದೆ, ಅಲ್ಲಿಂದ ಬಾವಿಗೆ. ಅದರ ಬದಲು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿಭಾಗ, ಚಕ್ರದ ಕಮಾನು ಚೆನ್ನಾಗಿ ತೊಳೆಯಿರಿ. ಪಣಂಬೂರು ಬೀಚಿಗೆ ಹೋಗಿ ಬಂದ ದಿನ ತಪ್ಪದೆ ತೊಳೆಯಿರಿ. ಒದ್ದೆ ಕಾರಿಗೆ ಕವರ್ ಹಾಕಬೇಡಿ. ಬಾಗಿಲ ತಳದ ತೂತುಗಳನ್ನೂ ಆಗಾಗ ನೋಡಿ, ಅಲ್ಲಿ ಕಸ ಕಟ್ಟಿದ್ದರೆ ಬಾಗಿಲ ಒಳಗೂ ನೀರು ನಿಂತಿರುತ್ತದೆ.